ಫ್ಲಾಪಿಯೊಳಗಿನ ರಂಗೋಲಿ

ನಮ್ಮ ಸೋದರಮಾವನ ಕೈಗೆ ಅರ್ಥವಾಗದ ವಸ್ತುವೊಂದನ್ನು ಕೊಟ್ಟಿರೋ, ನೀವು ಕೆಟ್ಟಿರಿ! ಅದು ಅರ್ಥವಾಗುವವರೆಗೆ ಅವರು ಊಟ ಬಿಡುತ್ತಾರೆ. ಅರ್ಥವಾದ ಮೇಲೆ ನಿಮಗೆ ಊಟ ಬಿಡಿಸುತ್ತಾರೆ. ಬೇಲೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನಿವೃತ್ತಿಯಾದದ್ದು ಸಂಬಳಕ್ಕೆ ಮಾತ್ರ, ಪಾಠಕ್ಕಲ್ಲ.

ಒಮ್ಮೆ ಅರಸೀಕೆರೆಯಿಂದ ಗಂಡಸಿ ಎಂಬ ಊರಿಗೆ ಮದುವೆಗೆಂದು ಹೊರಟವರು, ಬಸ್ ಟಿಕೆಟ್ಟಿನ ತೂತುಗಳ ಗುಟ್ಟನ್ನು ಬಿಡಿಸಿ ಕಂಡಕ್ಟರನಿಗೇ ವಿವರಿಸಿದರು. ಆತ ಭಕ್ತಿಯಿಂದ ಕೇಳಿ, "ಎಲ್ಲಾ ಸರಿ ಸ್ವಾಮಿ, ಗಂಡಸಿ ದಾಟಿ ಅರ್ಧ ಗಂಟೆ ಆಯ್ತು!" ಎಂದ. ಮದುವೆಯೂಟ ತಪ್ಪಿತು. ಆದರೆ ಮಾವನ ಮುಖದಲ್ಲಿ ಬೇಸರ? ಹುಡುಕಿದರೂ ಇಲ್ಲ!

ಇಂಥವರ ಕೈಗೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರಿನ ಒಂದು ಫ್ಲಾಪಿ ಸಿಕ್ಕಿತು. ಅತ್ತೆಯ ತಾಯಿ ಹಾಕುತ್ತಿದ್ದ ದೊಡ್ಡ ರಂಗೋಲಿಯೊಂದನ್ನು ಅರಸೀಕೆರೆಯ ಕಸೂತಿ ಅಂಗಡಿಯವನು ಹಿಂದೆ ಕಂಪ್ಯೂಟರ್ ಮೆಷಿನ್ನಿಗೆ ಹಾಕಿ ಸೀರೆಯ ಮೇಲೆ ಹೊಲಿದುಕೊಟ್ಟಿದ್ದ. ಸೀರೆ ಅಜ್ಜಿಯೊಡನೆಯೇ ಹೋಯಿತು. ರಂಗೋಲಿಯ ಪುಸ್ತಕವನ್ನು ಗೆದ್ದಲು ತಿಂದಿತು. ಅತ್ತೆಗೋ ಕೈ ನಡುಕ ಬಂದು, ಹಾಕದೆ ಹಾಕದೆ ಮರೆತೇಹೋಗಿತ್ತು. ಆ ವಿನ್ಯಾಸ ತುಂಬಿಟ್ಟು, ಅಂಗಡಿ ಮುಚ್ಚುವಾಗ ಮಾಲೀಕ ಕೊಟ್ಟ ಆ ಫ್ಲಾಪಿಯಷ್ಟೇ ಉಳಿದದ್ದು.

ಅರಸೀಕೆರೆಯ ಕಂಪ್ಯೂಟರ್ ಸೆಂಟರಿನಲ್ಲಿ ತೆರೆದರೆ ಏನು ಕಂಡಿತು ಅಂತೀರಿ? ನಗುಮುಖ, ಇಸ್ಪೀಟಿನ ಆಟೀನು, ಕಳಾವರ್! ಸೆಂಟರಿನವರು ಕೈ ಚೆಲ್ಲಿದರು. ಮಾವ ಮಾತ್ರ, "ಇದರೊಳಗೆ ಇರೋದು ಬರೀ ಸಂಖ್ಯೆ ಕಣೋ" ಎಂದು ನನಗೆ ಹೇಳಿ, ಅವನ್ನೆಲ್ಲ ಅಚ್ಚು ಹಾಕಿಸಿಕೊಂಡು ಮನೆಗೆ ತಂದರು. ಒಂದೊಂದು ಚಿಹ್ನೆಗೂ ಕಂಪ್ಯೂಟರ್ ಪುಸ್ತಕದಲ್ಲಿದ್ದ ಸಂಖ್ಯೆ ಬರೆದುಕೊಂಡು, ಎರಡೆರಡು ಸಂಖ್ಯೆಗೆ ಒಂದು ಚುಕ್ಕಿಯೆಂದು ಗ್ರಾಫ್ ಹಾಳೆಯ ಮೇಲೆ ವಾರವಿಡೀ ಇಟ್ಟರು.

ಅತ್ತೆ ನೋಡಿ, "ಇದೇನ್ರೀ, ನಮ್ಮವ್ವನ ರಂಗೋಲಿನೋ, ಕೋಳಿ ಕೆದರಿದ ತಿಪ್ಪೇನೋ?" ಎಂದರು.

"ಹಂಗಾದ್ರೆ ನಿಮ್ಮವ್ವ ಚುಕ್ಕಿ ಎಲ್ಲಿಡ್ತಿದ್ರು, ಹೇಳೇ!"

"ಎಲ್ಲಿ ಅಂತ ಹೇಳೋದು? ಕೈ ನಿಂತ ಕಡೆಯಿಂದ ಎರಡು ಆಚೆಗೆ, ಅಲ್ಲಿಂದ ಒಂದು ಕೆಳಕ್ಕೆ. ಹಂಗೇ ಹೋಗ್ತಾ ಇರೋದು."

ಮಾವ ಎದ್ದು ನಿಂತುಬಿಟ್ಟರು! ಸಂಖ್ಯೆ ಹೇಳುತ್ತಿದ್ದದ್ದು ಜಾಗವನ್ನಲ್ಲ, ಸೂಜಿ ನಿಂತಲ್ಲಿಂದ ಎಷ್ಟು ದೂರ ಎಂಬುದನ್ನು. ಹೊಸ ಹಾಳೆ ಬಂತು. ಆದರೆ ನಡುನಡುವೆ ಇನ್ನೂರು ದಾಟಿದ ಸಂಖ್ಯೆ ಬಂದು, ಗೆರೆ ಮೊದಲ ಹಾಳೆ ದಾಟಿ, ಎರಡನೆಯದನ್ನೂ ದಾಟಿ ಅಡುಗೆಮನೆ ಕಡೆ ಹೊರಟಿತು. ಅತ್ತೆ ಒಗ್ಗರಣೆ ಹಾಕುತ್ತಲೇ, "ಹೋದ ಕೈ ವಾಪಸ್ ಬರೋದು ಬ್ಯಾಡ್ವಾ?" ಎಂದರು.

ಅಷ್ಟೇ! ಆ ದೊಡ್ಡ ದೊಡ್ಡ ಸಂಖ್ಯೆಗಳೆಲ್ಲ ಹಿಂದಕ್ಕೆ ಬರುವ ಹೆಜ್ಜೆಗಳು, ಇನ್ನೂರೈವತ್ತೈದು ಅಂದರೆ ಒಂದು ಹೆಜ್ಜೆ ಹಿಂದಕ್ಕೆ! ಮೂವತ್ತು ವರ್ಷ ಗಣಿತ ಕಲಿಸಿದವರಿಗೆ ಒಗ್ಗರಣೆ ಸೌಟು ಹಿಡಿದವರು ಪಾಠ ಹೇಳಿದ್ದರು.

ಅರಸೀಕೆರೆಯ ಸೆಂಟರಿನಲ್ಲಿ ಮಾವ ತಾವೇ ಬರೆದ ಪ್ರೋಗ್ರಾಮು ಓಡಿತು. ಪ್ರಿಂಟರು ಕಿರ್ರೆನ್ನುತ್ತ ಬಳ್ಳಿ, ಕಮಲ, ಹಂಸಗಳನ್ನು ಇಳಿಸಿತು. "ಬಂತು ಕಣೋ, ಬಂತು!" ಎಂದು ಮಾವ ಸೆಂಟರಿನವರನ್ನೆಲ್ಲ ತಬ್ಬಿಕೊಂಡರು. ವಾಪಸ್ ಬರುವಾಗ ಹಳೇಬೀಡು ಬರುವಷ್ಟರಲ್ಲಿ ಇಡೀ ಬಸ್ಸಿಗೆ ಪಾಠವಾಗಿತ್ತು. ಬೇಲೂರಿನಲ್ಲಿ ಈ ಸಲ ಸರಿಯಾಗಿ ಇಳಿದರು, ಜೊತೆಗಿದ್ದ ನಾನು ತೋಳು ಹಿಡಿದು ಎಳೆದದ್ದರಿಂದ!

ಮನೆಯಲ್ಲಿ ಅತ್ತೆ ಹಾಳೆಯ ಮೂಲೆ ಮುಟ್ಟಿದರು. "ಇಲ್ಲೊಂದು ಚುಕ್ಕಿ ಜಾಸ್ತಿ ಐತೆ ನೋಡ್ರಿ. ನನ್ನ ಹೆಸರಲ್ಲಿ ಇಡ್ತಿದ್ಲು ನಮ್ಮವ್ವ."

ಮರುದಿನ ಬೆಳಿಗ್ಗೆ ಬೀದಿಯಲ್ಲಿ ನಗು ಕೇಳಿ ಹೊರಬಂದೆ. ಮಾವ ಪಂಚೆ ಎತ್ತಿ ಕಟ್ಟಿ, ಸಾರಿಸಿದ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಾಳೆ ನೋಡಿಕೊಂಡು ರಂಗೋಲಿ ಹಾಕುತ್ತಿದ್ದರು!

"ಏನ್ ಮೇಷ್ಟ್ರೇ ಇದು?" ಎಂದರು ಎದುರುಮನೆಯವರು.

"ಫೈಲು ಸರಿಯಾಗಿದೆಯಾ ಅಂತ ಪರೀಕ್ಷೆ ಕಣ್ರೀ!"

ಎಲ್ಲ ಮುಗಿದು ಮೂಲೆಯ ಚುಕ್ಕಿಯೊಂದು ಉಳಿದಿತ್ತು. ಮಾವ ಬಾಗಿಲ ಕಡೆ ತಿರುಗಿ, "ಬಾರೇ, ಇದು ನಿಂದು" ಎಂದರು. ಅತ್ತೆ ಬಂದು ಪುಡಿ ತೆಗೆದುಕೊಂಡರು. ಕೈ ನಡುಗಿ ಅರ್ಧ ಚೆಲ್ಲಿತು. ಮಾವ ಅವರ ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡರು. ಚುಕ್ಕಿ ಸರಿಯಾಗಿ ಬಿತ್ತು. ಬೀದಿಯವರೆಲ್ಲ ನೋಡುತ್ತಿದ್ದರೂ ಆ ಕೈಯನ್ನು ಮಾವ ಬಿಡಲೇ ಇಲ್ಲ.