ಅಂಗನವಾಡಿ ಸಂದಿಯ ಟಿಲ್ಲರ್ ಸಮರ

ಕೃತಯುಗದಲ್ಲಿ ರಥಗಳಿಗೆ ಬಿಳಿಯ ಕುದುರೆಗಳಿದ್ದವು. ತ್ರೇತಾಯುಗದಲ್ಲಿ ಮನಸ್ಸಿನಷ್ಟೇ ವೇಗವಾಗಿ ಹಾರುವ ವಿಮಾನವಿತ್ತು. ದ್ವಾಪರದಲ್ಲಿ ಕುದುರೆಗಳ ಜೊತೆಗೆ, ಕೇಳಿದರೂ ಕೇಳದಿದ್ದರೂ ಬುದ್ಧಿ ಹೇಳುವ ಸಾರಥಿಯಿದ್ದನು. ಈ ಕಲಿಯುಗದಲ್ಲಿ, ಅದರಲ್ಲೂ ಕೆಂಚನಕೊಪ್ಪಲೆಂಬ ನೂರನಲವತ್ತು ಮನೆಗಳ ಮಹಾನಗರದಲ್ಲಿ, ಇರುವುದು ಟಿಲ್ಲರ್. ದೀರ್ಘಶೃಂಗವೂ, ಧೂಮಕೇತನವೂ, ಡೀಸೆಲ್‌ಪಾನಮತ್ತವೂ ಆದ ಆ ಯಂತ್ರವು ಹೊಲದಲ್ಲಿ ಉಳುವುದು; ಬೆನ್ನಿಗೆ ಟ್ರೇಲರ್ ಕಟ್ಟಿದರೆ ಬೀದಿಯಲ್ಲಿ ಗಾಡಿಯಾಗುವುದು; ಎರಡೂ ಕಡೆ ಒಂದೇ ಸಮನೆ ಗುಡುಗುವುದು. ಒಲೆಯ ಮೇಲೆ ಹಾಲಿಟ್ಟವರು ಉರಿ ತಗ್ಗಿಸಿ ಬನ್ನಿರಿ, ಕಂಕುಳಲ್ಲಿ ಕೂಸಿದ್ದವರು ಕೂಸಿನೊಡನೆಯೇ ಕುಳಿತುಕೊಳ್ಳಿರಿ. ಇದು ಆ ಟಿಲ್ಲರನ್ನೇರಿ ಧರ್ಮಕ್ಕಾಗಿ ಹೋರಾಡಿದ ಇಂದ್ರಾಣಿಯ ಕಥೆ.

ಇಂದ್ರಾಣಿಯೆಂದರೆ ಸ್ವರ್ಗದವಳಲ್ಲ, ಪಡುವಣ ಬೀದಿಯ ಚಂದ್ರುವಿನ ಹೆಂಡತಿ. ಸಂತಾನತ್ರಯಜನನಿ, ಪ್ರಾತಃಕಾಲಧೇನುದ್ವಯದೋಹಿನಿ, ಒಂದು ಗಂಟೂ ಇಲ್ಲದಂತೆ ಮುದ್ದೆ ತೊಳಸುವ ದೃಢಬಾಹುಶಾಲಿನಿ. ಗಂಡನಿಗೆ ಬೆನ್ನು ಹಿಡಿದ ಮೇಲೆ ಹನ್ನೆರಡೇ ದಿನಗಳಲ್ಲಿ ಟಿಲ್ಲರ್ ವಿದ್ಯೆಯನ್ನು ಕಲಿತವಳು. ಆದರೆ ಮಹಾವೀರರಿಗೆಲ್ಲ ಒಂದೊಂದು ಮರ್ಮಸ್ಥಾನವಿರುತ್ತದೆ. ಒಬ್ಬನಿಗೆ ತೊಡೆ, ಇನ್ನೊಬ್ಬನಿಗೆ ಅಂಗಾಲು. ಇಂದ್ರಾಣಿಗೆ ರಿವರ್ಸ್ ಗೇರು. ಟ್ರೇಲರ್ ಕಟ್ಟಿದ ಟಿಲ್ಲರನ್ನು ಹಿಂದಕ್ಕೆ ಬಿಡುವಾಗ ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಯಾರದೋ ಗೋಡೆಗೆ ಹೋಗುತ್ತದೆ. ಆ ಪಾಠ ಹದಿಮೂರನೆಯ ದಿನಕ್ಕಿತ್ತು. ಆ ದಿನ ಹಸು ಕರು ಹಾಕಿತು. ಅಂದಿನಿಂದ ಅವಳು ಹಿಂದಿರುಗಬೇಕಾದಾಗಲೆಲ್ಲ ಕೆರೆ ಏರಿಯನ್ನು ಸುತ್ತಿಕೊಂಡು ಮುಂದಕ್ಕೇ ಹಿಂದಿರುಗುತ್ತಿದ್ದಳು. ಈ ರಹಸ್ಯ ಚಂದ್ರುವಿಗೂ ಗೊತ್ತಿರಲಿಲ್ಲ.

ಧರ್ಮಗ್ಲಾನಿಯು ಆ ಊರಿಗೆ ಒಂದು ಹಳದಿ ಚಪ್ಪಲಿಯ ರೂಪದಲ್ಲಿ ಬಂತು. ಒಂದು ಮಧ್ಯಾಹ್ನ ಅಂಗನವಾಡಿ ಸಂದಿಯೊಳಗೆ ಬಿರುಗಾಳಿಯಂತೆ ನುಗ್ಗಿದ ಯಾವುದೋ ಟಿಲ್ಲರ್, ಇಂದ್ರಾಣಿಯ ಕೊನೆಯ ಮಗಳು, ಮೂರು ವರ್ಷದ ಪೂವಿಯ ಎಡಗಾಲಿನ ಚಪ್ಪಲಿಯನ್ನು ಹಪ್ಪಳ ಮಾಡಿ ಹೋಯಿತು. ಕಾಲು ಅದರಲ್ಲಿರಲಿಲ್ಲ. ಕೋಳಿಯೊಂದರ ಹಿಂದೆ ಓಡುವ ಅವಸರದಲ್ಲಿ ಚಪ್ಪಲಿ ಕಳಚಿ, ಕಾಲು ಒಂದು ಗೇಣು ಆಚೆಗಿತ್ತು. ಊರಿನಲ್ಲಿದ್ದದ್ದು ಒಂಬತ್ತು ಟಿಲ್ಲರ್. ತನ್ನದಲ್ಲವೆಂದು ಇಂದ್ರಾಣಿಗೆ ಗೊತ್ತಿತ್ತು. ಉಳಿದ ಎಂಟು ಮಂದಿಯೂ ಆ ಹೊತ್ತಿನಲ್ಲಿ ಗದ್ದೆಯಲ್ಲಿದ್ದೆವೆಂದು ಮಾದಪ್ಪನಾಣೆ ಮಾಡಿದರು.

ಇಂದ್ರಾಣಿ ಅಳಲಿಲ್ಲ, ಶಪಿಸಲಿಲ್ಲ. ಚಪ್ಪಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಂಚಾಯ್ತಿಗೆ ಹೋಗಿ, ಟೀ ಲೋಟಗಳ ನಡುವೆ ಮೇಜಿನ ಮೇಲಿಟ್ಟಳು.

“ಇದ್ರೊಳಗೆ ಕಾಲಿತ್ತು ಅನ್ಕಂಡು ಮಾತಾಡಿ,” ಎಂದಳು.

ಯಾರೂ ಟೀ ಮುಟ್ಟಲಿಲ್ಲ. ಅರ್ಧ ಗಂಟೆಯಲ್ಲಿ ಊರಿಗೆ ಟಿಲ್ಲರ್ ನಿಯಮಗಳು ಬೇಕೆಂದು ತೀರ್ಮಾನವಾಯಿತು. ನಿಯಮಗಳನ್ನು ಇಂದ್ರಾಣಿಯೇ ಹೇಳಬೇಕು, ಪಂಚಾಯ್ತಿಯ ನಿಂಗರಾಜು ಬರೆದುಕೊಳ್ಳಬೇಕು. ಊರೊಳಗೆ ಟಿಲ್ಲರನ್ನು ಮನುಷ್ಯರು ನಡೆಯುವ ವೇಗದಲ್ಲಿ ಓಡಿಸತಕ್ಕದ್ದು. ಅಂಗನವಾಡಿ ಮುಂದೆ ಮಕ್ಕಳು ಕಂಡರೆ ಇಂಜಿನ್ ಆರಿಸಿ ನಿಲ್ಲತಕ್ಕದ್ದು. ಇಷ್ಟಾಗುವ ಹೊತ್ತಿಗೆ ಇಂದ್ರಾಣಿಗೆ ಮನೆಯ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು.

“ಮೂರ್ನೇದು ಬಿರ್ನೆ ಯೋಳಕ್ಕ,” ಎಂದ ನಿಂಗರಾಜು.

“ಇಕ್ಕಟ್ಟಲ್ಲಿ ಎದುರಿಂದ ಬರೋರು ದಾರಿ ಬುಡಬೇಕು ಅಂತ ಬರ್ಕೊ,” ಎಂದು ಅವಳು ಓಡಿದಳು.

ಹಾಲು ಉಳಿಯಿತು. ಕೇಡು ಉಳಿದದ್ದು ಬೋರ್ಡಿನಲ್ಲಿ.

ಹಸಿರು ತಗಡಿನ ಮೇಲೆ ಬಿಳಿಯ ಅಕ್ಷರಗಳಲ್ಲಿ ಬೋರ್ಡು ಎದ್ದು ನಿಂತಾಗ ಊರೆಲ್ಲ ಓದಿತು. ನಕ್ಕವನು ಒಬ್ಬನೇ: ಮೂಡಲ ಬೀದಿಯ ಬೋರಲಿಂಗೇಗೌಡ. ಶ್ಮಶ್ರುಮಂಡಿತನೂ, ಗೊಬ್ಬರಗಿರಿಧಾರಿಯೂ, ಒಂಬತ್ತು ವರ್ಷಗಳ ಟಿಲ್ಲರ್ ಅನುಭವದಿಂದ ಉಬ್ಬಿದ ಎದೆಯವನೂ ಆದ ಅವನು, “ಟಿಲ್ಲರ್‌ಗೂ ಬೋರ್ಡಾ? ನಾಳೆ ಎಮ್ಮೆಗೊಂದು ಬರ್ಸಿ, ಎಡಗಡೆ ಮೇಯ್ಕಂಡು ಹೋಗ್ಲಿ,” ಎಂದಿದ್ದನು.

ನಾಲ್ಕನೆಯ ದಿನ, ಸೂರ್ಯನು ನೆತ್ತಿಯ ಕಡೆಗೆ ಏರುತ್ತಿದ್ದ ಹೊತ್ತಿನಲ್ಲಿ, ಇಂದ್ರಾಣಿ ಎರಡು ಮೂಟೆ ರಾಗಿಯನ್ನು ಟ್ರೇಲರಿಗೆ ಹಾಕಿಕೊಂಡು ಹಿಟ್ಟಿನ ಮಿಲ್ಲಿಗೆ ಹೊರಟಳು. ಮಿಲ್ಲಿಗೆ ಕರೆಂಟು ಹನ್ನೆರಡರವರೆಗೆ ಮಾತ್ರ. ಮನೆಯಲ್ಲಿ ಹಿಟ್ಟು ಒಂದು ಹಿಡಿಯಷ್ಟೂ ಇರಲಿಲ್ಲ. ಒಂದು ಕಡೆ ಅಂಗನವಾಡಿಯ ಗೋಡೆ, ಇನ್ನೊಂದು ಕಡೆ ಕಾಳಮ್ಮಜ್ಜಿಯ ಹಟ್ಟಿಯ ಗೋಡೆ; ನಡುವಿನ ಸಂದಿಯಲ್ಲಿ ಒಂದು ಟಿಲ್ಲರ್ ಉಸಿರು ಬಿಗಿಹಿಡಿದು ಹೋಗಬಹುದು. ಅವಳು ಪಡುವಣದಿಂದ ಹೊಕ್ಕು ಅಂಗನವಾಡಿಯ ಬಾಗಿಲ ತನಕ ಬಂದಿದ್ದಳು. ಆಗ ಮೂಡಣದಿಂದ ಭೂಮಿ ನಡುಗಿತು. ಕೋಳಿಗಳು ದಿಕ್ಕಾಪಾಲಾದವು. ಹೊಗೆಯ ಪತಾಕೆಯಡಿಯಲ್ಲಿ, ಆವಿಯಾಡುವ ತಿಪ್ಪೆಗೊಬ್ಬರದ ಪರ್ವತವನ್ನು ಹಿಂದೆ ಹೊತ್ತು, ಬೋರಲಿಂಗೇಗೌಡನು ಪ್ರತ್ಯಕ್ಷನಾದನು.

ಎರಡು ಯಂತ್ರಗಳು ಮೂತಿಗೆ ಮೂತಿ ಕೊಟ್ಟು ಒಂದು ಮಾರಿನ ಅಂತರದಲ್ಲಿ ನಿಂತವು.

“ವಸಿ ಹಿಂದಕ್ ತಕ್ಕವ್ವ ಇಂದ್ರಾಣಿ,” ಎಂದ ಗೌಡ.

“ಯಾಕ್ ಮಾವ? ಬೋರ್ಡ್ ನೋಡ್ನಿಲ್ವಾ? ಎದುರಿಂದ ಬರೋರು ದಾರಿ ಬುಡಬೇಕು.”

“ಅದ್ನೇ ಕನವ್ವ ನಾನೂ ಯೋಳ್ತಿರದು. ಎದುರಿಂದ ಬಂದಿರೋಳು ನೀನು.”

“ನಾನೆಲ್ಲಿ ಎದುರಿಂದ ಬಂದೆ? ನಾನು ನಮ್ಮನೆಯಿಂದ ಬಂದೆ.”

“ಮತ್ತೆ ನಾನೇನ್ ಆಕಾಸದಿಂದ ಉದುರುದ್ನಾ?”

ಆಗ ಇಂದ್ರಾಣಿಗೆ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಸಂಶಯ ಊಟಕ್ಕೆ ಕೂತ ಮೇಲೆ ಹೊಳೆಯುವಂತೆ, ಎಲ್ಲವೂ ಹೊಳೆಯಿತು. ಅವಳು ಬರೆಸಿದ ಮೂರನೆಯ ನಿಯಮವು ಕನ್ನಡಿಯಂತಹುದು. ಅದರ ಮುಂದೆ ಯಾರು ನಿಂತರೂ ಎದುರಿನವರೇ ಕಾಣುವರು.

ಬೋರಲಿಂಗೇಗೌಡನು ಸೀಟಿನ ಮೇಲೆ ಎದ್ದು ನಿಂತು ಗರ್ಜಿಸಿದನು. ಆ ಗರ್ಜನೆಯನ್ನು ಕಾವ್ಯದ ಮಾತಿನಲ್ಲಿ ಹೇಳುವುದಾದರೆ ಹೀಗೆ: “ಎಲೌ ಪಡುವಣ ಬೀದಿಯ ವೀರಾಂಗನೆಯೇ! ಮೇರುಪರ್ವತವು ಇರುವೆಗೆ ದಾರಿ ಬಿಟ್ಟೀತೇ? ಸಮುದ್ರವು ಹಿಂದಿರುಗಿ ನದಿಯಾದೀತೇ? ಒಂಬತ್ತು ಸಂವತ್ಸರಗಳಿಂದ ಈ ಚಕ್ರಗಳು ಮುಂದಕ್ಕಲ್ಲದೆ ಉರುಳಿದವುಗಳಲ್ಲ! ಚಂದ್ರಸೂರ್ಯರು ಹಿಂದೆ ಸರಿದರೂ ಈ ಗೊಬ್ಬರವು ಸರಿಯದು!” ಊರಿನ ಮಾತಿನಲ್ಲಿ ಅವನು ಹೇಳಿದ್ದು ಇಷ್ಟೇ: “ನಾ ಹಿಂದಕ್ ಹೋಗಕಿಲ್ಲ ಕನವ್ವ. ಏನ್ ಮಾಡ್ಕತಿಯೋ ಮಾಡ್ಕೊ.”

ಇಂದ್ರಾಣಿಯೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. “ಎಲೈ ಗೊಬ್ಬರಗಿರಿಧಾರಿಯೇ! ಮೂರು ಮಕ್ಕಳಿಗೆ ಒಟ್ಟಿಗೆ ಸೀತಾಳೆ ಸಿಡುಬು ಬಂದಾಗಲೂ ಹಿಂಜರಿಯದವಳು ನಿನ್ನ ಸೈಲೆನ್ಸರಿಗೆ ಹೆದರುವೆನೇ? ಧರ್ಮವನ್ನು ಬರೆಸಿದ ಈ ಕೈಯೇ ಧರ್ಮವನ್ನು ಅಳಿಸಬೇಕೇ? ರಾಗಿಯು ಮೊಳೆತು ತೆನೆಯಾಗಲಿ, ನಾನು ಕದಲೆನು!” ಎಂಬ ಭಾವದಲ್ಲಿ ಅವಳು, “ನಾನೂ ಹೋಗಕಿಲ್ಲ ಮಾವ. ಬೇಜಾರ್ ಮಾಡ್ಕಬೇಡಿ,” ಎಂದಳು.

ಹೀಗೆ ಶುರುವಾದ ಯುದ್ಧವು ಮುಂದಿನ ಮುಕ್ಕಾಲು ಗಂಟೆ ಒಂದಂಗುಲವೂ ಮುಂದುವರಿಯಲಿಲ್ಲ. ಇಂಜಿನ್‌ಗಳು ಡಗಡಗನೆ ಒಂದಕ್ಕೊಂದು ಬೈದುಕೊಂಡವು. ಗೌಡನು ಎಲೆ ಅಡಿಕೆ ಹಾಕಿಕೊಂಡನು. ಇಂದ್ರಾಣಿ ಕುಳಿತಲ್ಲೇ ಮೂಟೆಯ ಬಾಯಿಯನ್ನು ಎರಡು ಸಲ ಬಿಚ್ಚಿ ಕಟ್ಟಿದಳು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಕಾಳಮ್ಮಜ್ಜಿ ಸಾಕಾಗಿ ಕೂಗಿದಳು:

“ಎರಡ್ ಮಾರು ಹಿಂದಕ್ಕೆ ನಮ್ ತಿಪ್ಪೆ ತಾವ ಜಾಗ ಅದಲ್ಲವ್ವ! ಅಲ್ಲಿಗೆ ಸರ್ಕೊಂಡ್ರೆ ಆಯ್ತದೆ, ಅವನ್ಗೆ ಹಿಂದೆ ಜಾಗ್ವೇ ಇಲ್ಲ!”

“ಜಾಗ ಅದೆ ಕನಜ್ಜಿ, ನ್ಯಾಯ ಇಲ್ಲ,” ಎಂದಳು ಇಂದ್ರಾಣಿ.

ಆದರೆ ಒಳಗಿನ ಲೆಕ್ಕ ಬೇರೆಯೇ ಇತ್ತು. ಸರಿಯುವೆನೆಂದರೂ ಸರಿಯಲು ಬಾರದು. ಬಂದಿದ್ದರೂ ಸರಿಯುವುದು ಹೇಗೆ? ಬೋರ್ಡಿಗೆ ಇನ್ನೂ ನಾಲ್ಕೇ ದಿನ. ಬರೆಸಿದವಳೇ ಸೋತು ಹಿಂದಕ್ಕೆ ಹೋದಳೆಂದು ಸಂಜೆಯೊಳಗೆ ಡೈರಿಯ ಮುಂದೆ ನಗೆಯಾಗುತ್ತದೆ. ನಗೆಗೀಡಾದ ನಿಯಮವನ್ನು ಯಾರೂ ಪಾಲಿಸುವುದಿಲ್ಲ. ನಾಳೆಯಿಂದ ಇದೇ ಸಂದಿಯಲ್ಲಿ ಮತ್ತೆ ಅದೇ ಬಿರುಗಾಳಿ. ಕೋಳಿಗಳೇನೋ ದಿನವೂ ಇರುತ್ತವೆ, ಪೂವಿ ದಿನವೂ ಅವುಗಳ ಹಿಂದೆ ಓಡುತ್ತಾಳೆ; ಕಾಲು ದಿನವೂ ಒಂದು ಗೇಣು ಆಚೆಗಿರುವುದೆಂದು ಹೇಳಲು ಬರುತ್ತದೆಯೇ?

ದೂರದಲ್ಲಿ ಮಿಲ್ಲಿನ ಟುಕುಟುಕು ಸದ್ದು ನಿಂತಿತು. ಕರೆಂಟು ಹೋಗಿತ್ತು.

ಆ ಗಳಿಗೆಯಲ್ಲೇ ಅಂಗನವಾಡಿಯ ಬಾಗಿಲು ತೆರೆಯಿತು. ಊಟಕ್ಕೆ ಮುಂಚೆ ನಲ್ಲಿಯಲ್ಲಿ ಕೈ ತೊಳೆಯಲು, ಹಳೆಯ ಸೀರೆಯೊಂದರ ಅಂಚನ್ನು ಹಿಡಿದುಕೊಂಡು, ಹದಿಮೂರು ಮಂದಿಯ ಚತುರಂಗಸೇನೆ ಹೊರಬಂತು. ಭಾರತಿ ಟೀಚರ್ ಹಿಂದಿನಿಂದ “ತಡೀರೋ, ತಡೀರೋ!” ಎನ್ನುವಷ್ಟರಲ್ಲಿ ಮುಂದಿನವರು ಎರಡು ಯಂತ್ರಗಳ ನಡುವಿನ ಆ ಒಂದು ಮಾರಿನೊಳಗೆ ಇಳಿದಾಗಿತ್ತು.

ಒಂದು ಇಂಜಿನ್ ಆರಿತು. ಇಂದ್ರಾಣಿ ತನ್ನದನ್ನು ಆರಿಸಲು ಕೈ ಚಾಚುತ್ತಿದ್ದಳು, ಆರಿದ್ದು ಅವಳದಲ್ಲ.

ಬೋರಲಿಂಗೇಗೌಡನು ಆಗಲೇ ಕೆಳಕ್ಕೆ ಧುಮುಕಿ, ಬಿಸಿ ಸೈಲೆನ್ಸರಿಗೆ ಅಡ್ಡವಾಗಿ ಎರಡು ಕೈಗಳನ್ನು ಚಾಚಿ ನಿಂತಿದ್ದನು. “ಮುಟ್ಬೇಡ ಕನಪ್ಪ, ಸುಡ್ತದೆ. ಆ ಕಡೆ ಹೋಗು ಮಗ, ಆ ಕಡೆ.” ಬೋರ್ಡು ಬರೆಸಿದವಳ ಇಂಜಿನ್ ಎರಡನೆಯದಾಗಿ ಆರಿತು. ಸಂದಿಯಲ್ಲಿ ಒಮ್ಮೆಗೇ ಎಷ್ಟು ಮೌನವಾಯಿತೆಂದರೆ, ಅವರೆಕಾಯಿ ಸಿಪ್ಪೆ ಬೀಳುವುದು ಕೇಳಿಸಿತು.

ಸೀರೆಯ ಕೊನೆಯ ಅಂಚಿನಲ್ಲಿ ಪೂವಿ. ಬಲಗಾಲಿಗೆ ಹಳದಿ ಚಪ್ಪಲಿ, ಎಡಗಾಲಿಗೆ ಅಕ್ಕನ ಹಳೆಯ ನೀಲಿ ಚಪ್ಪಲಿ.

“ಯಾಕ್ ಮಗ, ಒಂದೊಂದ್ ಕಾಲ್ಗೆ ಒಂದೊಂದ್ ಬಣ್ಣ?” ಎಂದ ಗೌಡ.

“ಹಳದೀದು ಟಿಲ್ಲರ್ ತಿಂತು ತಾತ,” ಎಂದು ಪೂವಿ, ಅದೇನೂ ವಿಶೇಷವಲ್ಲವೆಂಬಂತೆ, ಸೀರೆಯನ್ನೆಳೆದುಕೊಂಡು ಹೋದಳು.

ಗೌಡನ ಬಾಯಲ್ಲಿ ಎಲೆ ಅಡಿಕೆ ಅಲ್ಲೇ ನಿಂತಿತು. ಮೇರುಪರ್ವತವೂ ಸಮುದ್ರವೂ ಅವನ ನೆನಪಿಗೆ ಬಂದಂತೆ ಕಾಣಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಒರೆಸಿದ ಮೇಲೂ ಒರೆಸಿಕೊಂಡನು.

“ಮಾವ,” ಎಂದಳು ಇಂದ್ರಾಣಿ ಮೆಲ್ಲಗೆ, “ಇಂಜಿನ್ ಯಾಕ್ ಆಫ್ ಮಾಡುದ್ರಿ?”

“ಬರ್ದದಲ್ಲವ್ವ ಬೋರ್ಡ್ನಲ್ಲಿ. ಎರಡ್ನೇದು.”

ಇಂದ್ರಾಣಿಗೆ ಕೆಚ್ಚಲಿನಿಂದ ಹಾಲು ಇಳಿದ ಹಾಗೆ ಎದೆ ಹಗುರಾಯಿತು. ಬೋರ್ಡನ್ನು ನೋಡಿ ನಕ್ಕವನೇ ಅದನ್ನು ಓದಿದ್ದನು, ಓದಿ ಸಾಲುಸಾಲಾಗಿ ನೆನಪಿಟ್ಟುಕೊಂಡಿದ್ದನು. ಇನ್ನು ಸರಿದರೆ ಸೋಲೇನು? ಅವಳು ಟಿಲ್ಲರಿನಿಂದಿಳಿದು, ಗಂಡನಿಗೂ ಹೇಳದ ಮರ್ಮವನ್ನು ಶತ್ರುವಿನ ಮುಂದೆ ತೆರೆದಿಟ್ಟಳು.

“ಮಾವ, ತಿಪ್ಪೆ ತಾವ ನಾನೇ ಸರ್ಕೊತಿದ್ದೆ. ನಂಗೆ ರಿವರ್ಸ್ ಬರಕಿಲ್ಲ.”

ಗೌಡನು ಹಿಂದೆ ಮುಂದೆ ನೋಡಿದನು. ಮೀಸೆಯ ಕೆಳಗಿಂದ ಧ್ವನಿ ಸಣ್ಣಗೆ ಬಂತು.

“ನಂಗೂ ಬರಕಿಲ್ಲ ಕನವ್ವ. ಒಂಬತ್ ವರ್ಸದಿಂದ ಕೆರೆ ಏರಿ ಸುತ್ಕೊಂಡೇ ಬತ್ತಿದೀನಿ. ಯಾರ್ಗೂ ಯೋಳ್ಬೇಡ.”

“ಕೇಳುಸ್ತು!” ಎಂದಳು ಜಗಲಿಯಿಂದ ಕಾಳಮ್ಮಜ್ಜಿ.

ಆಮೇಲೆ ನಡೆದದ್ದು ಇಷ್ಟು. ಇಂದ್ರಾಣಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಹಿಡಿ ಹಿಡಿದಳು. ಬೋರಲಿಂಗೇಗೌಡನು ತನ್ನ ಒಂಬತ್ತು ವರ್ಷದ ಎದೆಯನ್ನು ಅವಳ ಟಿಲ್ಲರಿನ ಮೂತಿಗೆ ಕೊಟ್ಟನು. ಭಾರತಿ ಟೀಚರ್ ಮಕ್ಕಳನ್ನೆಲ್ಲ ಜಗಲಿಗೆ ಹತ್ತಿಸಿ ಬಂದು ಪಕ್ಕದಲ್ಲಿ ನಿಂತರು. ಹದಿಮೂರು ಮಕ್ಕಳು ಒದ್ದೆ ಕೈ ತಟ್ಟಿ “ಐಸಾ!” ಎಂದರು. ಟಿಲ್ಲರ್ ಎರಡು ಮಾರು ಹಿಂದಕ್ಕೆ ಸರಿದು ತಿಪ್ಪೆಯ ಪಕ್ಕ ನಿಂತಿತು. ಗೊಬ್ಬರದ ಪರ್ವತವು ಘನತೆಯಿಂದ ಮುಂದೆ ಹೋಯಿತು. ಅಂದು ದಾರಿ ಬಿಟ್ಟದ್ದು ಸರಿದವಳೋ, ತಳ್ಳಿದವನೋ ಎಂಬ ಬಗ್ಗೆ ಪಡುವಣ ಬೀದಿಗೂ ಮೂಡಲ ಬೀದಿಗೂ ಇಂದಿಗೂ ಒಮ್ಮತವಿಲ್ಲ. ಯುದ್ಧದಲ್ಲಿ ಆದ ನಷ್ಟ, ಎರಡು ಸಲ ಬಿಚ್ಚಿ ಕಟ್ಟಿದ ಮೂಟೆಯಿಂದ ಸೋರಿದ ಒಂದು ಹಿಡಿ ರಾಗಿ. ಅದನ್ನು ಕೋಳಿಗಳು ತಿಂದವು.

ಮಿಲ್ಲಿನ ಬಾಗಿಲು ಹಾಕಿತ್ತು. ಇಂದ್ರಾಣಿ ಕೆರೆ ಏರಿಯನ್ನು ಸುತ್ತಿಕೊಂಡು ಮನೆಗೆ ಬಂದು, ತೆಂಗಿನ ನಾರು ಮತ್ತು ಒಲೆಯ ಬೂದಿ ಹಿಡಿದು ಬೋರ್ಡಿನ ಬಳಿಗೆ ಹೋದಳು. ತಳ ಹಿಡಿದ ಪಾತ್ರೆ ಉಜ್ಜಿದ ಕೈಗೆ ನಾಲ್ಕು ದಿನದ ಬಣ್ಣ ಯಾವ ಲೆಕ್ಕ? ‘ಎದುರಿನಿಂದ ಬರುವವರು’ ಎಂಬುದಷ್ಟೇ ಅಳಿಸಿಹೋಯಿತು. ಈಗ ಅಲ್ಲಿ, ‘ಇಕ್ಕಟ್ಟಿನಲ್ಲಿ ದಾರಿ ಬಿಡತಕ್ಕದ್ದು’ ಎಂದಿದೆ. ಯಾರು ಎಂದು ಬರೆದಿಲ್ಲ. ಆ ರಾತ್ರಿ ಮನೆಯಲ್ಲಿ ಉಪ್ಪಿಟ್ಟು.

ಮಂಗಳವಾರ ಸಂತೆಯಿಂದ ಹಿಂದಿರುಗುತ್ತ ಬೋರಲಿಂಗೇಗೌಡನು ಇಂದ್ರಾಣಿಯ ಜಗಲಿಯ ಮೇಲೆ ಪೇಪರಿನಲ್ಲಿ ಸುತ್ತಿದ ಗಂಟೊಂದನ್ನಿಟ್ಟು, ಕರೆದರೂ ತಿರುಗಿ ನೋಡದೆ ಹೊರಟುಹೋದನು. ಒಳಗೆ ಹಳದಿ ಚಪ್ಪಲಿಗಳಿದ್ದವು. ಎಂಟು ಮಂದಿಯ ಆಣೆಗಳಲ್ಲಿ ಯಾವುದು ಸುಳ್ಳೆಂದು ಇಂದ್ರಾಣಿ ಯಾರಿಗೂ ಹೇಳಲಿಲ್ಲ. ಪೂವಿಗೆ ಹಾಕಿ ನೋಡಿದಾಗ ತಿಳಿಯಿತು: ಕಳೆದದ್ದು ಎಡಗಾಲಿನದೆಂಬುದನ್ನು ಗೌಡನು ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದನೆಂದರೆ, ಸಂತೆಯ ರಾಶಿಯಿಂದ ಆರಿಸಿ ತಂದ ಎರಡೂ ಎಡಗಾಲಿನವೇ.

ಪೂವಿ ಬಿಚ್ಚಲು ಒಪ್ಪಲಿಲ್ಲ. ಅವುಗಳನ್ನು ಮೆಟ್ಟಿ ಓಡಲು ಆಗದ್ದರಿಂದ, ಆ ವಾರವೆಲ್ಲ ಅವಳು ಅಂಗನವಾಡಿ ಸಂದಿಯಲ್ಲಿ ಕೋಳಿಗಳ ಹಿಂದೆ ಮೊದಲನೆಯ ನಿಯಮದ ಪ್ರಕಾರವೇ ಹೋದಳು: ಮನುಷ್ಯರು ನಡೆಯುವ ವೇಗದಲ್ಲಿ.