ನೆಮ್ಮದಿಗೆ ಹತ್ತಕ್ಕೆ ಎಷ್ಟು?

ಜನರ ನೆಮ್ಮದಿ ಅಳೆಯಲು ಹೋದವನ ಗಾಂಭೀರ್ಯ ಮಧ್ಯಾಹ್ನದ ತನಕ ಉಳಿದರೆ ಹೆಚ್ಚು. ತೊಂಬತ್ತರ ದಶಕದಲ್ಲಿ ಕೆಲವು ತಿಂಗಳು ನನಗೆ ಅಂಥದೊಂದು ಕೆಲಸ ಸಿಕ್ಕಿತ್ತು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರ ಬದುಕು ಹೇಗಿದೆ ಎಂದು ಶಿಕಾರಿಪುರ, ಸೊರಬದ ಕಡೆ ಮನೆಮನೆಗೆ ಹೋಗಿ ಕೇಳಿ ಫಾರಂ ತುಂಬಬೇಕು. ರೋಗಿಯದಲ್ಲ, ನೋಡಿಕೊಳ್ಳುವವರ ಕಷ್ಟಸುಖ ಮಾತ್ರ. ಪ್ರಶ್ನೆಗಳನ್ನು ಯಾರೋ ದೂರದ ಊರಿನವರು ಬರೆದಿದ್ದರು.

ಪಾಸು

ಶಿರಾಳಕೊಪ್ಪದಲ್ಲಿ ಒಬ್ಬರು ಬಟ್ಟೆ ಅಂಗಡಿಯವರು. ಹೆಂಡತಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ದಿನಾ ಆಕೆಗೆ ಸ್ನಾನ ಮಾಡಿಸಿ, ಜಡೆ ಹಾಕಿ, ಆಮೇಲೆ ಮನೆ ಮುಂಭಾಗದ ಅಂಗಡಿ ಬಾಗಿಲು ತೆಗೆಯುತ್ತಿದ್ದರು.

"ನಿಮ್ಮ ಬದುಕಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?" ಎಂದೆ.

ಅವರು ಅಳತೆ ಕೋಲು ಕೆಳಗಿಟ್ಟು ಯೋಚಿಸಿದರು. "ಪಾಸಾಗಾಕ ಎಷ್ಟು ಬೇಕ್ರೀ?"

"ಮೂರೂವರೆ."

"ಹಂಗಾದ್ರ ನಾಲ್ಕು ಹಾಕ್ರಿ. ಒಳಗ ಆಕಿ ಕೇಳಿದ್ರ ಮಾತ್ರ ಫಸ್ಟ್ ಕ್ಲಾಸ್ ಅಂತ ಹೇಳ್ರಿ."

ಅತ್ತೆಯ ಕಿವಿ

ಕುಪ್ಪಗಡ್ಡೆಯ ಒಂದು ಮನೆಯಲ್ಲಿ ಸೊಸೆ ಅತ್ತೆಯನ್ನು ನೋಡಿಕೊಳ್ಳುತ್ತಿದ್ದರು. ಅತ್ತೆಯ ಮಂಚ ಪಕ್ಕದ ಕೋಣೆಯಲ್ಲೇ ಇದ್ದದ್ದರಿಂದ ನಾನು ದನಿ ತಗ್ಗಿಸಿದೆ.

"ಜೋರಾಗೇ ಕೇಳಿ. ಅತ್ತೆಗೆ ಕಿವಿ ಪೂರ್ತಿ ಹೋಗಿದೆ" ಎಂದರು ಸೊಸೆ.

"ನಿಮಗೆ ಸಿಟ್ಟು ಬರುತ್ತಾ?"

"ಬರ್ತದೆ."

"ಬಂದಾಗ ಏನು ಮಾಡ್ತೀರಿ?"

"ಇಲ್ಲೇ ನಿಂತು ಬಾಯಿಗೆ ಬಂದಂಗೆ ಬೈತೀನಿ. ಹೆಂಗೂ ಅವರಿಗೆ ಕೇಳ್ಸದಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಕುಕ್ಕಿ ಒಗೀತೀನಿ."

ಪಕ್ಕದ ಕೋಣೆಯಿಂದ ನಿಧಾನವಾಗಿ ದನಿ ಬಂತು: "ನನ್ನ ಎರಡು ಸೀರೆ ಹರಿದಿದ್ದೂ ಬರ್ಕೊಳಿ."

ಸೊಸೆ ಪೆಚ್ಚಾಗಿ ಎದ್ದು ನಿಂತರು. "ಕೇಳ್ತದಾ ಅತ್ತೆ? ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಬೈದು ಹಗುರ ಆಗ್ತಿದ್ದೆ. ಅದನ್ಯಾಕೆ ತಪ್ಪಿಸ್ಲಿ ಅಂತ ಸುಮ್ನಿದ್ದೆ."

ಬಿಡುವು

ಸೊರಬದಲ್ಲಿ ನಲವತ್ತು ದಾಟಿದ ಒಬ್ಬಾಕೆ ತಂದೆಯನ್ನು ನೋಡಿಕೊಳ್ಳುತ್ತಿದ್ದರು. ಮೊದಲ ಪ್ರಶ್ನೆ ಕೇಳಿದೆ: "ಕಳೆದ ಒಂದು ವಾರದಲ್ಲಿ ನಿಮಗೆ ಅಂತ ಎಷ್ಟು ಹೊತ್ತು ಸಿಕ್ತು?"

ಆಕೆ ನನ್ನನ್ನೇ ತಿರುಗಿ ಕೇಳಿದರು: "ನೀವು ಎಷ್ಟು ಹೊತ್ತು ಕೂರ್ತೀರಿ?"

"ಒಂದು ಗಂಟೆ ಬೇಕಾಗಬಹುದು."

"ಅಪ್ಪಾ, ಇವರು ಕೂತಿರ್ತಾರೆ" ಎಂದವರೇ ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು.

ಅಪ್ಪನಿಗೆ ಮುರಿದದ್ದು ಸೊಂಟದ ಮೂಳೆ, ನಾಲಿಗೆಗೆ ಏನೂ ಆಗಿರಲಿಲ್ಲ. ನೀರು ಕೇಳಿದರು. ಕಿಟಕಿ ತೆಗೆಸಿದರು, ಬಿಸಿಲು ಬಂತೆಂದು ಹಾಕಿಸಿದರು. ಎಡಕ್ಕೆ ಹೊರಳಿಸಿ ಎಂದರು, ಹೊರಳಿಸಿದ ಮೇಲೆ ಬಲಕ್ಕೆ ಎಂದರು. ದಿಂಬು ಮೇಲಾಯಿತು, ಕೆಳಗಾಯಿತು. ಕುಡಿದ ನೀರು ಸುಮ್ಮನಿರುತ್ತದೆಯೇ? ಪಾತ್ರೆ ಹಿಡಿದೆ, ತೊಳೆದೂ ಇಟ್ಟೆ. ಹೀಗೆ ಎರಡು ಗಂಟೆ ಕಳೆಯಿತು. ಅಂಗಿ ಬೆನ್ನಿಗೆ ಅಂಟಿತ್ತು.

ಮಗಳು ಬಂದರು. ಮುಖ ಅರಳಿತ್ತು. "ಗೆಳತಿ ಮನೇಲಿ ಕಾಫಿ ಕುಡಿದೆ, ಬಿಸಿ ಇರುವಾಗಲೇ. ಬರ್ಕೊಳ್ಳಿ, ಈ ವಾರ ನಂಗೆ ಅಂತ ಎರಡು ಗಂಟೆ ಸಿಕ್ತು. ಇನ್ನೇನು ಕೇಳ್ಬೇಕು?"

ಮುಂದಿನ ಪ್ರಶ್ನೆ ಓದಿದೆ: "ನೋಡಿಕೊಳ್ಳುವ ಕೆಲಸದಿಂದ ನಿಮಗೆ ಸುಸ್ತಾಗುತ್ತದೆಯೇ?"

ಆಕೆ ಬಾಯಿ ತೆರೆಯುವ ಮೊದಲೇ ಅಪ್ಪ ಮಂಚದಿಂದ ಹೇಳಿದರು: "ಅವಳನ್ನ ಆಮೇಲೆ ಕೇಳಿ ಮಾರಾಯ್ರೆ. ಮೊದಲು ನಿಮ್ಮದು ಬರ್ಕೊಳ್ಳಿ."