ಬಿಸಿಲು ಇಳಿಯಲಿ, ಹೋಗುವ

ನನಗೆ ಶತ್ರುಗಳು ಕಡಿಮೆ. ಆಫೀಸಿನಲ್ಲಿ ಒಬ್ಬಿಬ್ಬರ ಮೇಲೆ ಅಸಮಾಧಾನವಿದೆ, ಮೇಲಿನ ಫ್ಲ್ಯಾಟಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕುರ್ಚಿ ಎಳೆಯುವವರ ಮೇಲೆ ಸ್ವಲ್ಪ ಸಿಟ್ಟಿದೆ, ಅಷ್ಟೆ. ಆದರೆ ಸೂರ್ಯನ ವಿಷಯ ಬೇರೆ. ಬಹರೇನಿಗೆ ಬಂದಂದಿನಿಂದ ಅವನಿಗೂ ನನಗೂ ಆಗಿಬರುವುದಿಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಮಧ್ಯಾಹ್ನ ಕಾರಿನ ಬಾಗಿಲು ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ತಣ್ಣೀರು ಬೇಕೆಂದು ನಲ್ಲಿ ತಿರುಗಿಸಿದರೆ ಟ್ಯಾಂಕಿನಲ್ಲಿ ಕಾದ ನೀರು ಬರುತ್ತದೆ. ನಿಜವಾದ ತಣ್ಣೀರು ಬೇಕಾದವರು ಗೀಸರಿನ ಸ್ವಿಚ್ ಆರಿಸಿ ಬಿಸಿನೀರಿನ ನಲ್ಲಿ ತಿರುಗಿಸಬೇಕು. ಇಂಥ ತಲೆಕೆಳಗಾದ ಊರಿನಲ್ಲಿ ಬದುಕಲು ಒಂದು ಕಾಯಿದೆ ಬೇಡವೇ? ಗುಫೂಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅದು ಇದೆ. ತರಕಾರಿ ತರುವುದಿರಲಿ, ಯಾರದಾದರೂ ಮಗುವನ್ನು ನೋಡಲು ಹೋಗುವುದಿರಲಿ, "ಬಿಸಿಲು ಇಳಿಯಲಿ, ಹೋಗುವ." ಕಾಯಿದೆ ಮಾಡಿದವನು ನಾನು, ಪಾಲಿಸುವವಳು ನನ್ನ ಹೆಂಡತಿ ಶಶಿಕಲಾ. ಮನೆಯಲ್ಲಿ ಕಾರು ಓಡಿಸಲು ಬರುವುದು ನನಗೊಬ್ಬನಿಗೇ ಆದ್ದರಿಂದ ಅವಳು ಬೇರೇನು ಮಾಡಿಯಾಳು?

ನಾನು ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗಿನ ಬಿಡಿಭಾಗ ಮಾರುವ ಒಂದು ಕಂಪನಿಯಲ್ಲಿದ್ದೇನೆ. ಒಂದು ವರ್ಷ, ಪಂಪು ತಯಾರಿಸುವ ನಾರ್ವೆಯವರು ನನ್ನನ್ನು ತರಬೇತಿಗೆಂದು ಬರ್ಗೆನ್ ಎಂಬ ಕಡಲತೀರದ ಊರಿಗೆ ಕರೆದರು. ಸುದ್ದಿ ಹೇಳಿದ್ದೇ ತಡ, ಶಶಿ, "ನಾನೂ ಬರ್ತೇನೆ" ಎಂದಳು. ಮಾರನೆಯ ದಿನವೇ ಕಂಪ್ಯೂಟರಿನಲ್ಲಿ ಒಂದು ಚಿತ್ರ ಹುಡುಕಿ ತೋರಿಸಿದಳು. ಊರಿನ ನಡುವಿನಿಂದ ಒಂದು ಗುಡ್ಡಕ್ಕೆ ಹಳಿಯ ಮೇಲೆ ಬಂಡಿ ಹತ್ತುತ್ತದೆ. ಮೇಲೆ ನಿಂತರೆ ಹೆಂಚಿನ ಕೆಂಪು ಮಾಡುಗಳು, ಬಂದರು, ಕಡಲು, ದೂರದ ದ್ವೀಪಗಳು ಎಲ್ಲ ಒಟ್ಟಿಗೆ ಕಾಣುತ್ತವೆ. "ನನಗೆ ಇದೊಂದು ತೋರಿಸಿ. ಬೇರೆ ಎಂತದೂ ಬೇಡ" ಎಂದಳು. ತರಬೇತಿ ಸೋಮವಾರದಿಂದ, ಬೆಳಿಗ್ಗೆಯಿಂದ ರಾತ್ರಿಯವರೆಗೆ. ಮುಗಿದ ದಿನವೇ ವಾಪಸು ವಿಮಾನ. ಅಂದರೆ ನಮ್ಮ ಕೈಯಲ್ಲಿದ್ದದ್ದು ನಾವು ಇಳಿಯುವ ಭಾನುವಾರದ ಮಧ್ಯಾಹ್ನ ಒಂದೇ. "ಒಂದು ಮಧ್ಯಾಹ್ನ ಧಾರಾಳವಾಯಿತು. ತೋರಿಸುತ್ತೇನೆ" ಎಂದು ನಾನು ಮಾತು ಕೊಟ್ಟೆ.

ಆಮೇಲೆ ಚಳಿಯ ಚಿಂತೆ ಹತ್ತಿತು. ಜೂನ್ ತಿಂಗಳ ಬಹರೇನಿನಲ್ಲಿ ಸ್ವೆಟರ್ ಕೇಳಿದರೆ ಅಂಗಡಿಯವನು ನಮ್ಮ ಆರೋಗ್ಯ ವಿಚಾರಿಸುತ್ತಾನೆ. ಆಗ ಕೆಳಗಿನ ಫ್ಲ್ಯಾಟಿನ, ನಮಗೆ ಹಿರಿಯಣ್ಣನಂತಿರುವ ಹಮೀದಾಕ ಆಪದ್ಬಾಂಧವರಾಗಿ ಬಂದರು. ಉಳ್ಳಾಲದ ಕಡೆಯವರು, ಮೀನು ಕೋಳಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಅಲ್ಲಿ ಫ್ರೀಜರಿನ ಒಳಗೆ ಹೋಗುವವರು ಹಾಕುವ ದಪ್ಪ ಜಾಕೆಟ್ ಎರಡನ್ನು ತಂದುಕೊಟ್ಟರು. "ಇದನ್ನು ಹಾಕಿ ಮಾರ್ರೆ. ನಮ್ಮ ಹುಡುಗರು ಐಸಿನ ಮಧ್ಯೆ ಇದ್ರಲ್ಲೇ ನಿಲ್ಲುದು. ನಾರ್ವೆ ಎಂತ ಮಾಡ್ತದೆ ನಿಮಗೆ?"

ನಾರ್ವೆ ಮಾಡುವುದು ಹಾಗಿರಲಿ, ಬಹರೇನ್ ಏನು ಮಾಡಿತು ಕೇಳಿ. ಶಶಿ ಸೂಟ್‌ಕೇಸಿನಲ್ಲಿ ರೈಸ್ ಕುಕ್ಕರ್, ಕುಚ್ಚಲಕ್ಕಿ, ಉಪ್ಪಿನಕಾಯಿ, ಒಣಸಿಗಡಿ ಚಟ್ನಿ ತುಂಬಿಸಿದ ಮೇಲೆ ಜಾಕೆಟಿಗೆ ಜಾಗವೇ ಇರಲಿಲ್ಲ. ಮೈಮೇಲೆ ಹಾಕಿಕೊಂಡೇ ಹೊರಟೆವು. ಟ್ಯಾಕ್ಸಿಯಿಂದ ವಿಮಾನ ನಿಲ್ದಾಣದ ಬಾಗಿಲಿಗೆ ನಡೆಯುವಷ್ಟರಲ್ಲಿ ನಾನು ಬೆಂದೇ ಹೋದೆ. ತಪಾಸಣೆಯವನು ಜಾಕೆಟ್ ಬಿಚ್ಚಿಸಿ ಮೂಗಿನ ಹತ್ತಿರ ಹಿಡಿದು, ಹಿಂದಿಯಲ್ಲಿ, "ಕೋಳಿ?" ಎಂದ. ನಾನು ಜಾಕೆಟಿನ ಇತಿಹಾಸ ವಿವರಿಸಲು ಹೊರಟೆ, ಹಿಂದಿನ ಸಾಲಿನವರು ಗೊಣಗಿದರು, ಶಶಿ ನನ್ನ ಅಂಗಿ ಹಿಡಿದೆಳೆದಳು. ವಿಮಾನದಲ್ಲಿ ನನ್ನ ಹಿಂದೆ ಕೂತಿದ್ದ ಮಗು ಆಮ್‌ಸ್ಟರ್‌ಡ್ಯಾಮಿನವರೆಗೂ ನನ್ನ ಬೆನ್ನಿಗೆ ಒದ್ದಿತು. ಪಕ್ಕದಲ್ಲಿ ಶಶಿ ಕಿಟಕಿಗೆ ತಲೆ ಆನಿಸಿ, ಊರಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಲಗಿದ ಹಾಗೆ ಸುಖವಾಗಿ ಮಲಗಿದಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸಲು ನಡೆದ ದೂರವನ್ನು ನೆನೆದರೆ ಈಗಲೂ ಮೀನಖಂಡ ಹಿಡಿಯುತ್ತದೆ.

ಅಂತೂ ಬರ್ಗೆನಿನಲ್ಲಿ ಇಳಿದೆವು. ನೋಡಿದರೆ ಅಲ್ಲೂ ಇವನೇ! ನೀಲಿ ಆಕಾಶದ ಮಧ್ಯದಲ್ಲಿ ಹಲ್ಲು ಕಿರಿಯುತ್ತಾ ನಿಂತಿದ್ದಾನೆ. ಆ ಊರಿನವರೋ, ಮೈಮೇಲೆ ಆದಷ್ಟು ಕಡಿಮೆ ಬಟ್ಟೆ ಹಾಕಿಕೊಂಡು, ಕಂಡಕಂಡ ಹುಲ್ಲಿನ ಮೇಲೆಲ್ಲ ಮಲಗಿಬಿಟ್ಟಿದ್ದಾರೆ. ಫ್ರೀಜರ್ ಜಾಕೆಟ್ ಹಾಕಿಕೊಂಡು ರೈಸ್ ಕುಕ್ಕರಿನ ಸೂಟ್‌ಕೇಸ್ ಎಳೆದುಕೊಂಡು ಬರುತ್ತಿದ್ದ ನಮ್ಮಿಬ್ಬರನ್ನು ಅವರು ತಲೆ ಎತ್ತಿ ನೋಡಿದರು. ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ, "ನಿಮ್ಮ ಅದೃಷ್ಟ! ಈ ಊರಲ್ಲಿ ಬಿಸಿಲು ಅಪರೂಪ. ರಾತ್ರಿಯಿಂದ ಮಳೆ, ಮತ್ತೆ ವಾರವಿಡೀ ಮಳೆಯೇ. ಚೀಲ ಇಲ್ಲೇ ಇಟ್ಟು ಈಗಲೇ ಹೊರಡಿ" ಎಂದಳು. ಶಶಿ ಬಾಗಿಲ ಕಡೆಗೆ ಅರ್ಧ ತಿರುಗಿಯೂ ಆಗಿತ್ತು.

"ತಲೆ ಸರಿ ಉಂಟಾ?" ಎಂದೆ ನಾನು. "ಈ ಬಿಸಿಲಿಗೆ ಗುಡ್ಡ ಹತ್ತುದಾ? ಊಟ ಮಾಡಿ ಸ್ವಲ್ಪ ಅಡ್ಡಾಗುವ. ಬಿಸಿಲು ಇಳಿಯಲಿ, ಹೋಗುವ."

"ಇದು ಬಿಸಿಲಾ? ನಮ್ಮ ಮನೆಯ ಎಸಿ ಇದಕ್ಕಿಂತ ಬೆಚ್ಚಗೆ ಉಂಟು."

"ಬಿಸಿಲು ಅಂದ್ರೆ ಬಿಸಿಲೇ."

ರೂಮಿನಲ್ಲಿ ಗಂಜಿ ಬೆಂದಿತು, ಉಂಡೆವು, ನಾನು ಮಲಗಿದೆ. ಆಗಾಗ ಎಚ್ಚರವಾಗಿ ಒಂದು ಕಣ್ಣು ಬಿಟ್ಟರೆ ಪರದೆಯ ಸಂದಿಯಿಂದ ಅದೇ ಬಿಸಿಲು. ಯಾರೋ ಭುಜ ಅಲ್ಲಾಡಿಸಿದ್ದೂ, ನಾನು ಕಾಯಿದೆಯನ್ನು ನಿದ್ದೆಯಲ್ಲೇ ಘೋಷಿಸಿ ಮಗ್ಗುಲಾದದ್ದೂ ಮಸುಕಾಗಿ ನೆನಪಿದೆ. ಕೊನೆಗೆ ಸಾಕಷ್ಟು ನಿದ್ದೆಯಾಗಿ ಎದ್ದು ಕೂತೆ. ಬಿಸಿಲು ಇನ್ನೂ ಎದುರಿನ ಮಾಡಿನ ಮೇಲಿತ್ತು. ಗಡಿಯಾರ ನೋಡಿದರೆ ಒಂಬತ್ತು! ಕೆಟ್ಟಿದೆ ಎಂದು ಅಲ್ಲಾಡಿಸಿದೆ, ಶಶಿಯ ವಾಚು ನೋಡಿದೆ, ಕೌಂಟರಿಗೆ ಫೋನ್ ಮಾಡಿ, "ಇಲ್ಲಿ ಸೂರ್ಯ ಮುಳುಗುವುದು ಯಾವಾಗ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. "ಹನ್ನೊಂದು ದಾಟುತ್ತದೆ ಸಾರ್. ಆಮೇಲೂ ಪೂರ್ತಿ ಕತ್ತಲೆ ಆಗುವುದಿಲ್ಲ" ಎಂದಳು ಹುಡುಗಿ, ಬಹಳ ಹೆಮ್ಮೆಯಿಂದ. ಇದೆಂಥ ನಡತೆ ಸ್ವಾಮಿ! ಬಹರೇನಿನಲ್ಲಿ ಎಷ್ಟೇ ಸುಡಲಿ, ಆರೂವರೆಗೆ ಡ್ಯೂಟಿ ಮುಗಿಸಿ ಮನೆಗೆ ಹೋಗುವ ಮರ್ಯಾದೆಯಾದರೂ ಅವನಿಗಿದೆ. ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ?

ಶಶಿ ಕಿಟಕಿಯ ಬಳಿ ಕಾಲು ಚಾಚಿ ಸುಮ್ಮನೆ ಕೂತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಸುಮ್ಮನಿದ್ದದ್ದಕ್ಕೆ ಹೆದರಿಕೆಯಾಯಿತು. "ಏಳು, ಏಳು, ಬಂಡಿ ಇನ್ನೂ ಉಂಟಂತೆ" ಎಂದು ಅವಸರಪಡಿಸಿ ಹೊರಡಿಸಿದೆ. ನಾನು ಜಾಕೆಟಿನ ಜಿಪ್ ಎಳೆದು ಬೀದಿಗೆ ಇಳಿಯುವುದಕ್ಕೂ ಕಡಲ ಕಡೆಯಿಂದ ಮೋಡ ನುಗ್ಗುವುದಕ್ಕೂ ಸರಿಹೋಯಿತು. ಶಶಿ ಯಾರನ್ನೂ ಕೇಳದೆ ಎಡಕ್ಕೆ ತಿರುಗಿ, ಒಂದು ಓಣಿ ದಾಟಿ, ನೇರವಾಗಿ ಬಂಡಿಯ ಬಾಗಿಲಿಗೇ ಕರೆದುಕೊಂಡು ಹೋದಳು. "ನಿನಗೆ ದಾರಿ ಹೇಗೆ ಗೊತ್ತು?" ಎಂದದ್ದಕ್ಕೆ, "ಬೋರ್ಡ್ ಉಂಟಲ್ಲ" ಎಂದಳು. ಬಂಡಿ ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಮೋಡದೊಳಗೆ ಹೊಕ್ಕಿತು.

ಮೇಲೆ ಏನಿತ್ತು? ಬಿಳಿ. ಎದುರಿಗೂ ಬಿಳಿ, ಕೆಳಗೂ ಬಿಳಿ. ಕೆಂಪು ಮಾಡಿಲ್ಲ, ಬಂದರಿಲ್ಲ, ಕಡಲಿಲ್ಲ. ಕೆಳಗೆಲ್ಲೋ ಒಂದು ಹಡಗು ಕೂಗಿದ್ದರಿಂದ ಊರು ಇನ್ನೂ ಅಲ್ಲೇ ಇದೆಯೆಂದು ತಿಳಿಯಿತು. ಬೇಡದಾಗ ನೆತ್ತಿಯ ಮೇಲೆ ಕೂತಿದ್ದ ಆ ಪುಣ್ಯಾತ್ಮ ಬೇಕಾದಾಗ ನಾಪತ್ತೆ. ಕಂಬಿ ಹಿಡಿದು ನಿಂತವನಿಗೆ ಸಿಟ್ಟು ಇಳಿದು ನಿಜವಾಗಿಯೂ ದುಃಖವಾಯಿತು. ಅವಳು ಕೇಳಿದ್ದು ಒಂದೇ ಒಂದು. "ಶಶೀ, ತೋರಿಸ್ತೇನೆ ಅಂದಿದ್ದೆ. ನನ್ನಿಂದ ಹಾಳಾಯಿತು ಮಾರಾಯ್ತಿ" ಎಂದೆ.

ಅಷ್ಟರಲ್ಲಿ ಅಲ್ಲಿನ ಕಾಫಿ ಅಂಗಡಿಯ ಹೆಂಗಸು ಕುರ್ಚಿಗಳನ್ನು ಒಳಗೆಳೆಯುತ್ತಿದ್ದವಳು ಶಶಿಯನ್ನು ಕಂಡು ಕೈಬೀಸಿದಳು. "ಮತ್ತೆ ಬಂದೆಯಾ? ನಿದ್ದೆ ಮಾಡುತ್ತಿದ್ದ ಗಂಡ ಇವರೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿ ನನ್ನ ಜಾಕೆಟನ್ನು ಕುತೂಹಲದಿಂದ ನೋಡಿದಳು.

ನಾನು ಶಶಿಯ ಕಡೆ ತಿರುಗಿದೆ.

"ನೀವು ಮಲಗಿದ ಮೇಲೆ ಬಂದಿದ್ದೆ" ಎಂದಳು ಅವಳು, ಪಕ್ಕದ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಹೋಗಿ ಬಂದವಳ ಹಾಗೆ. "ಎಷ್ಟು ಎಬ್ಬಿಸಿದ್ರೂ ಬಿಸಿಲು ಇಳಿಯಲಿ ಅಂದ್ರಿ. ಎಲ್ಲ ಕಂಡಿತು. ಐಸ್‌ಕ್ರೀಮ್ ತಿಂದೆ. ಇವರೇ ನನ್ನ ಫೋಟೊ ತೆಗೆದದ್ದು."

"ಒಬ್ಬಳೇ? ಗೊತ್ತಿಲ್ಲದ ಊರಲ್ಲಿ? ಹೆದರಿಕೆ ಆಗಲಿಲ್ವಾ?"

"ಎಂತದು ಹೆದರುದು? ಅಲ್ಲಿ ನಿಮ್ಮ ಕಾರಿಗೆ ಕಾಯ್ಬೇಕು. ಇಲ್ಲಿ ಕಾಲಿತ್ತು, ನಡೆದೆ."

"ಹಾಗಾದ್ರೆ ಈಗ ಪುನಃ ಯಾಕೆ ಬಂದದ್ದು?"

"ನೀವು ನೋಡಿರಲಿಲ್ಲ ಅಲ್ವಾ?"

ಮಳೆ ಶುರುವಾಯಿತು. ಹೋಟೆಲಿನ ಹುಡುಗಿ ಹೇಳಿದಂತೆ ಅದು ವಾರವಿಡೀ ಬಿಡಲಿಲ್ಲ. ನಾನು ಪಂಪು ಕಲಿತೆ, ಶಶಿ ಕೊಡೆ ಹಿಡಿದು ಊರು ಕಲಿತಳು.

ಬಹರೇನಿಗೆ ಮರಳಿದ ಮೇಲೆ ಹಮೀದಾಕ ಫೋಟೊ ನೋಡಲು ಬಂದರು. ಗುಡ್ಡದ ಮೇಲೆ, ಹೊಳೆಯುವ ಬಿಸಿಲಿನಲ್ಲಿ, ಬೆನ್ನ ಹಿಂದೆ ಇಡೀ ಕಡಲು ಇಟ್ಟುಕೊಂಡು ಶಶಿ ನಗುತ್ತಿದ್ದಳು. ಮದುವೆಯ ಆಲ್ಬಮ್ಮಿನಲ್ಲೂ ಅವಳು ಹಾಗೆ ನಕ್ಕಿಲ್ಲ. "ಮಾಷಾ ಅಲ್ಲಾ, ಎಂಥ ಫೋಟೊ! ನೀವು ಎಲ್ಲಿ ಮಾರ್ರೆ ಇದ್ರಲ್ಲಿ?" ಎಂದರು. ಮಲಗಿದ್ದೆ ಎನ್ನಲು ಬಾಯಿ ಬರಲಿಲ್ಲ. "ತೆಗೆದವನು ಫೋಟೊದಲ್ಲಿ ಹೇಗೆ ಬರುದು ಹಮೀದಾಕ?" ಎಂದುಬಿಟ್ಟೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಮ್ಮೆ ನಿಂತಿತು.

ಹಮೀದಾಕನಿಗೆ ಬಹಳ ಸಂತೋಷವಾಯಿತು. "ಹಾಗಾದ್ರೆ ನೀವೇ ಆಗ್ಬೇಕು. ಊರಿಂದ ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ಬಂದಿದ್ದಾರೆ. ಈ ಶುಕ್ರವಾರ ಜುಮಾ ಮುಗಿದ ಕೂಡ್ಲೇ ಸಮುದ್ರದ ಹತ್ರ ಎಲ್ಲರದ್ದೂ ಇದೇ ಥರ ಫೋಟೊ ತೆಗೀಬೇಕು."

ಜುಮಾ ನಮಾಜು ಮುಗಿಯುವುದು ನಡುಮಧ್ಯಾಹ್ನ. ತಿಂಗಳು ಜುಲೈ. ಸಂಜೆ ಹೋಗೋಣವೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಶಶಿ ಚಹದ ಟ್ರೇ ಹಿಡಿದು ಹೊರಗೆ ಬಂದಳು.

"ಖಂಡಿತ ಬರ್ತಾರೆ ಹಮೀದಾಕ" ಎಂದಳು. "ಇವರು ಬಿಸಿಲಲ್ಲೇ ಚಂದ ತೆಗೆಯುದು."